ಆಳು ಕೂಡಿಸುವ ಕಸುಬಿಗೆ ಮುಂದೇನು?

ದಸರೆ ಕಳೆದು ದೀಪಾವಳಿ ಹತ್ತಿರವಾಗುತ್ತಿದ್ದಂತೆ ಸೊಲ್ಲಾಪುರ ಜಿಲ್ಲೆಯ ಹಾದಿಗಳಲ್ಲಿ ವರ್ಷ ವರ್ಷವೂ ಒಂದು ಜನಪ್ರವಾಹ ಹರಿಯುತ್ತದೆ. ಟ್ರಾಕ್ಟರಿನ ಟ್ರೇಲರುಗಳಲ್ಲಿ ಪಾತ್ರೆ ಪಗಡೆ, ಜೋಳದ ಚೀಲ, ಕೋಳಿ, ಕೂಸುಗಳು. ಅವುಗಳ ನಡುವೆ ಗಂಡಸರು, ಹೆಂಗಸರು. ಇವರು ಕಬ್ಬು ಕಡಿಯುವ ಜನ. ಹೆಚ್ಚಿನವರು ಬೀಡ ಜಿಲ್ಲೆಯ ಬರದ ಭೂಮಿಯವರು. ಗಡಿಯ ಎರಡೂ ಬದಿಯ ಕನ್ನಡ ಹಳ್ಳಿಗಳವರೂ ಇವರಲ್ಲಿದ್ದಾರೆ. ಇವರನ್ನೆಲ್ಲ ಕೂಡಿಸಿ ತಂದವನು ಒಬ್ಬನಿರುತ್ತಾನೆ. ಅವನಿಗೆ ಅಲ್ಲಿ ಮುಕಾದಮ ಎಂದು ಹೆಸರು. ಪೇಟೆಯಲ್ಲಿ ಕಚೇರಿ ತೆರೆದು ಬೋರ್ಡು ತೂಗಿದವನನ್ನು ನಾವು ರಿಕ್ರೂಟಿಂಗ್ ಏಜೆಂಟ್ ಎನ್ನುತ್ತೇವೆ. ಮುಕಾದಮನಿಗೆ ಬೋರ್ಡು ಇಲ್ಲ, ಜೇಬಿನಲ್ಲೊಂದು ಡೈರಿ ಇದೆ. ಕಸುಬು ಮಾತ್ರ ಒಂದೇ.

ಕಾಸರಗೋಡಿನ ವಾಚಕರಿಗೆ ಈ ದೂರದೂರಿನ ಸುದ್ದಿ ಏಕೆ ಎಂದು ಯಾರಾದರೂ ಕೇಳಿಯಾರು. ನಾವೂ ಅವರೂ ಒಂದೇ ಗಾಯದ ಎರಡು ತುದಿಗಳು. 1956ರಲ್ಲಿ ನಾವು ಕೇರಳಕ್ಕೆ ಸೇರಿದೆವು. ಅಕ್ಕಲಕೋಟೆ, ಸೊಲ್ಲಾಪುರಗಳು ಮುಂಬಯಿ ರಾಜ್ಯದಲ್ಲಿ ಉಳಿದು 1960ರಲ್ಲಿ ಮಹಾರಾಷ್ಟ್ರದ ಪಾಲಾದವು. ಚಂದ್ರಗಿರಿ ಹೊಳೆಯ ಉತ್ತರದ ಭಾಗವೂ ಅಕ್ಕಲಕೋಟೆ ಕಡೆಯ ಕನ್ನಡ ಹಳ್ಳಿಗಳೂ ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿತ್ತು. ಆ ಮಾತು ಕಾಗದದಲ್ಲೇ ಉಳಿಯಿತು. 2022ರಲ್ಲಿ ಅಕ್ಕಲಕೋಟೆ ತಾಲೂಕಿನ ಕೆಲವು ಹಳ್ಳಿಗಳವರು ತಮ್ಮನ್ನು ಕರ್ನಾಟಕಕ್ಕೆ ಸೇರಿಸಿರೆಂದು ಠರಾವು ಮಾಡಿದಾಗ ಅವರು ಮುಂದಿಟ್ಟದ್ದು ಭಾಷೆಯೊಂದನ್ನೇ ಅಲ್ಲ. ರಸ್ತೆ, ನೀರು ಮುಂತಾದ ಸೌಕರ್ಯಗಳಿಲ್ಲ ಎಂಬ ದೂರನ್ನು. ಇಂಥ ಊರುಗಳಿಂದಲೇ ಆಳು ಹೊರಡುವುದು. ಆಳು ಹೊರಡುವಲ್ಲಿ ಏಜೆಂಟನು ಹುಟ್ಟುತ್ತಾನೆ. ಇದನ್ನು ಕೊಲ್ಲಿ ನಾಡಿನ ವೀಸಾಕ್ಕಾಗಿ ಚಿನ್ನ ಅಡವಿಟ್ಟ ನಮ್ಮ ಮನೆಗಳಿಗೆ ವಿವರಿಸಬೇಕಾಗಿಲ್ಲ.

ಸೊಲ್ಲಾಪುರಕ್ಕೆ ಈ ಕಸುಬು ಹೊಸದಲ್ಲ. 1870ರ ದಶಕದಲ್ಲಿ ಅಲ್ಲಿ ಮೊದಲ ಬಟ್ಟೆ ಗಿರಣಿ ನಿಂತಿತು. ಆಮೇಲೆ ನರಸಿಂಗ ಗಿರ್ಜಿ, ಲಕ್ಷ್ಮೀ, ವಿಷ್ಣು ಗಿರಣಿಗಳು ಬಂದವು. ಕನ್ನಡ, ತೆಲುಗು, ಮರಾಠಿ ಮೂರೂ ಮಾತಿನ ಜನ ಒಂದೇ ಸೈರನ್ನಿಗೆ ಏಳುತ್ತಿದ್ದ ಊರದು. ಗಿರಣಿಗಳಲ್ಲಿ ಆಳು ಹಿಡಿಯುವವನು ಜಾಬರ್. ತನ್ನ ಊರಿನವರನ್ನು, ತನ್ನ ಮಾತಿನವರನ್ನು ಅವನು ತರುತ್ತಿದ್ದ. ಕೆಲಸ ಕೊಡಿಸಿದ್ದಕ್ಕೆ ದಸ್ತೂರಿ ತೆಗೆದುಕೊಳ್ಳುತ್ತಿದ್ದ. ಕೊಡದವನನ್ನು ಬಿಡಿಸುವುದೂ ಅವನ ಕೈಯಲ್ಲೇ ಇತ್ತು. ಆಳನ್ನು ಸೇರಿಸುವ, ತೆಗೆಯುವ ಅಧಿಕಾರವನ್ನು ಜಾಬರನಿಂದ ಕಿತ್ತು ಲೇಬರ್ ಆಫೀಸರನಿಗೆ ಕೊಡಬೇಕೆಂದು ಕಾರ್ಮಿಕರ ಕುರಿತ ರಾಯಲ್ ಆಯೋಗ 1931ರಲ್ಲೇ ಶಿಫಾರಸು ಮಾಡಿತು. ಗಿರಣಿಗಳು ಈಗ ಮುಚ್ಚಿವೆ. ಜಾಬರ್ ಹೋದ, ಅವನ ಪದ್ಧತಿ ಕಬ್ಬಿನ ಗದ್ದೆಗೆ ನಡೆದು ಬಂತು ಎಂದರೆ ತಪ್ಪಾಗದು.

ಭೀಮಾ ನದಿಗೆ ಉಜನಿ ಅಣೆಕಟ್ಟು 1980ರಲ್ಲಿ ಮುಗಿದ ಮೇಲೆ ಆ ಒಣ ಜಿಲ್ಲೆಯಲ್ಲಿ ಕಬ್ಬು ಹಬ್ಬಿತು, ಸಕ್ಕರೆ ಕಾರ್ಖಾನೆಗಳು ಎದ್ದವು. ಮುಕಾದಮನ ವ್ಯವಹಾರ ಹೀಗೆ: ಮಳೆಗಾಲದಲ್ಲಿ, ಮನೆಯಲ್ಲಿ ಕಾಳು ಮುಗಿದಿರುವಾಗ, ಅವನು ಹಳ್ಳಿಗೆ ಬಂದು ಮುಂಗಡ ಹಂಚುತ್ತಾನೆ. ಇದಕ್ಕೆ ಉಚಲ ಎನ್ನುತ್ತಾರೆ. ಗಂಡ ಹೆಂಡತಿ ಸೇರಿ ಒಂದು ‘ಕೊಯ್ತಾ’. ಕೊಯ್ತಾ ಎಂದರೆ ಕತ್ತಿ. ಇಬ್ಬರು ಮನುಷ್ಯರನ್ನು ಒಂದು ಕತ್ತಿಯೆಂದು ಎಣಿಸುವ ಲೆಕ್ಕವಿದು! ಮದುವೆಯಾದ ಜೋಡಿಗೇ ಬೇಡಿಕೆ ಹೆಚ್ಚಾದ್ದರಿಂದ ಹುಡುಗಿಯರಿಗೆ ಬೇಗ ಮದುವೆಯಾಗುತ್ತದೆ. ಬೀಡ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರಲ್ಲಿ ಗರ್ಭಕೋಶ ತೆಗೆಸಿಕೊಂಡವರು ಅಷ್ಟೊಂದು ಮಂದಿ ಏಕೆಂದು ವಿಚಾರಿಸಲು 2019ರಲ್ಲಿ ಮಹಾರಾಷ್ಟ್ರ ಸರಕಾರ ಸಮಿತಿಯನ್ನೇ ನೇಮಿಸಬೇಕಾಯಿತು. ಒಂದು ದಿನ ಕೆಲಸ ತಪ್ಪಿದರೆ ದಂಡ ಬೀಳುವಲ್ಲಿ ಹೆಣ್ಣಿನ ದೇಹಕ್ಕೂ ರಜೆಯಿಲ್ಲ.

ಕಡಿದ ಟನ್ನಿನ ಕೂಲಿಯಿಂದ ಉಚಲ ತೀರಬೇಕು. ಐದಾರು ತಿಂಗಳ ಹಂಗಾಮು ಮುಗಿದು ಲೆಕ್ಕ ನೋಡಿದಾಗ ಇನ್ನೂ ಬಾಕಿ ಉಳಿದಿದ್ದರೆ ಮುಂದಿನ ವರ್ಷವೂ ಅದೇ ಮುಕಾದಮ, ಅದೇ ಟೋಳಿ. ಮುಕಾದಮನ ಕಮಿಷನ್ ಕಾರ್ಖಾನೆಯವರಿಂದ ಬರುತ್ತದೆ. 2024ರ ಜನವರಿಯ ಒಪ್ಪಂದದಲ್ಲಿ ಕೂಲಿ ಶೇಕಡಾ 34 ಏರಿತು, ಮುಕಾದಮನ ಕಮಿಷನ್ ಶೇಕಡಾ 20 ಆಯಿತು. ಕಾಗದದ ಮೇಲೆ ನೋಡಿದರೆ ನ್ಯಾಯವೇ: ಆಳು ಬೇಕಾದವನು ಹಣ ಕೊಡುತ್ತಾನೆ. ಆದರೆ ಮುಕಾದಮನ ನಿಜವಾದ ಬಲ ಕಮಿಷನ್ ಅಲ್ಲ, ಸಾಲದ ಡೈರಿ. ಅದರಲ್ಲಿ ಬರೆದದ್ದನ್ನು ಓದಲು ಕಡಿಯುವವನಿಗೆ ಬಾರದು. ಬಂದರೂ ಅದು ಅವನ ಭಾಷೆಯಲ್ಲಿಲ್ಲ.

ಮುಕಾದಮನಾದರೂ ಸುಖಿಯೇ? ಅದೂ ಇಲ್ಲ. ಟ್ರಾಕ್ಟರಿನವನಿಂದ ಅವನೂ ಸಾಲ ತಂದವನು. ಟೋಳಿ ಹಣ ಪಡೆದು ಬೇರೆಡೆಗೆ ಹೋದರೆ ಅವನ ಹೊಲ ಮಾರಬೇಕು. ಲಕ್ಷಾಂತರ ರೂಪಾಯಿ ಪಡೆದು ಒಬ್ಬ ಆಳನ್ನೂ ತಾರದೆ ಮಾಯವಾದ ಮುಕಾದಮರ ಮೇಲೆ ವಾಹನದ ಮಾಲೀಕರು ಕೊಟ್ಟ ಫಿರ್ಯಾದಿಗಳು ಆ ಕಡೆಯ ಠಾಣೆಗಳಲ್ಲಿ ಬೇಕಾದಷ್ಟಿವೆ. ಈಗ ಕಬ್ಬು ಕಡಿಯುವ ಯಂತ್ರಗಳಿಗೆ ಸರಕಾರದ ಸಹಾಯಧನವೂ ಸಿಗುತ್ತಿದೆ. ಸಣ್ಣ ಹಿಡುವಳಿಯ ಗದ್ದೆಗೆ ಆ ದೊಡ್ಡ ಯಂತ್ರ ಇಳಿಯುವುದು ಕಷ್ಟವಾದ್ದರಿಂದ ಕೊಯ್ತಾ ನಾಳೆಯೇ ಮೂಲೆ ಸೇರದು. ಆದರೆ ಸಾಲ ಹಂಚಿ ಆಳು ಹಿಡಿಯುವ ವ್ಯಾಪಾರಕ್ಕೆ ದಿನ ಹತ್ತಿರವಾಗಿದೆ ಎಂದೇ ನಮಗೆ ತೋರುತ್ತದೆ. ಕಾನೂನಿನಲ್ಲಿ ಅದು 1976ರಲ್ಲೇ ಸತ್ತಿತು. ಜೀತ ಪದ್ಧತಿ ನಿರ್ಮೂಲನ ಕಾಯಿದೆ ಬಂದದ್ದು ಆ ವರ್ಷ. ಆದರೂ 2025ರ ಜನವರಿಯಲ್ಲಿ ವಿಜಯಪುರದ ಇಟ್ಟಿಗೆ ಭಟ್ಟಿಯೊಂದರಲ್ಲಿ ಮುಂಗಡದ ವಿಷಯಕ್ಕೆ ಕಾರ್ಮಿಕರನ್ನು ಅಮಾನುಷವಾಗಿ ಥಳಿಸಿದ ಸುದ್ದಿ ನಾವೆಲ್ಲ ಓದಿದ್ದೇವೆ.

ಹಾಗಾದರೆ ಮಧ್ಯವರ್ತಿಯೇ ಬೇಡವೇ? ಮಹಾರಾಷ್ಟ್ರವೇ ಒಂದು ಉತ್ತರ ಕಂಡುಕೊಂಡಿದೆ. ಅಣ್ಣಾಸಾಹೇಬ ಪಾಟೀಲರ ಹೋರಾಟದ ಫಲವಾಗಿ 1969ರಲ್ಲಿ ಮಾಥಾಡಿ ಹಮಾಲರ ಕಾಯಿದೆ ಬಂತು. ಹಮಾಲನು ಮಂಡಳಿಯಲ್ಲಿ ಹೆಸರು ಬರೆಸುತ್ತಾನೆ. ವ್ಯಾಪಾರಿಯು ಕೂಲಿಯನ್ನೂ ಅದರ ಮೇಲೆ ಲೆವಿಯನ್ನೂ ಮಂಡಳಿಗೆ ಕಟ್ಟುತ್ತಾನೆ. ಭವಿಷ್ಯನಿಧಿ, ಗ್ರಾಚ್ಯುಯಿಟಿ, ರಜೆಯ ಸಂಬಳ ಎಲ್ಲ ಅಲ್ಲಿಂದಲೇ. ಟೋಳಿಯ ಯಜಮಾನ ಮಾಡುತ್ತಿದ್ದ ಕೆಲಸವನ್ನು ಮಾಲೀಕ, ಕಾರ್ಮಿಕ, ಸರಕಾರ ಮೂವರೂ ಕೂತ ಮಂಡಳಿ ಮಾಡುತ್ತದೆ. ಅದರಲ್ಲೂ ಹುಳುಕಿಲ್ಲವೆಂದಲ್ಲ. ಆದರೆ ಮೂಟೆ ಹೊರುವವನಿಗೆ ಪಿಂಚಣಿಯ ಮಾತು ಆಡುವಂತೆ ಮಾಡಿದ್ದು ಸಣ್ಣ ಕೆಲಸವಲ್ಲ. ಕಬ್ಬು ಕಡಿಯುವವರಿಗೂ ಗೋಪೀನಾಥ ಮುಂಡೆ ಹೆಸರಿನ ಕಲ್ಯಾಣ ಮಹಾಮಂಡಳವಿದೆ. ಆಳನ್ನು ಕೂಡಿಸುವ ಕೆಲಸ ಮಾತ್ರ ಮುಕಾದಮನ ಬಳಿಯೇ ಇದೆ.

ಇನ್ನು ಭಾಷೆಯ ಮಾತು. ಅಂತರರಾಜ್ಯ ವಲಸೆ ಕಾರ್ಮಿಕರ 1979ರ ಕಾಯಿದೆಯಲ್ಲಿ ನಮ್ಮಂಥವರು ಬಾಯಿಪಾಠ ಮಾಡಬೇಕಾದ ಒಂದು ಕಲಮು ಇತ್ತು. ಗುತ್ತಿಗೆದಾರನು ಪ್ರತಿ ಕಾರ್ಮಿಕನಿಗೆ ಫೋಟೋ ಅಂಟಿಸಿದ ಪಾಸ್ ಪುಸ್ತಕ ಕೊಡಬೇಕು. ಕೆಲಸದ ಸ್ಥಳ, ಅವಧಿ, ಕೂಲಿಯ ದರ, ಕಡಿತ ಎಲ್ಲ ಅದರಲ್ಲಿರಬೇಕು. ಹಿಂದಿ, ಇಂಗ್ಲಿಷುಗಳ ಜೊತೆಗೆ ಕಾರ್ಮಿಕನ ಸ್ವಂತ ಭಾಷೆಯಲ್ಲೂ ಇರಬೇಕು ಎಂಬುದೇ ಆ ಕಲಮು. ಅದರಂತೆ ನಡೆದವರು ವಿರಳ. ಅಫಜಲಪುರದವನು ಗಡಿ ದಾಟಿ ಪಕ್ಕದ ಅಕ್ಕಲಕೋಟೆಗೆ ಕೂಲಿಗೆ ಬಂದರೆ ಅಂತರರಾಜ್ಯ ವಲಸೆಗಾರ, ಬೀಡದವನು ಎಷ್ಟೋ ದೂರದಿಂದ ಬಂದರೂ ಅಲ್ಲ ಎಂಬ ವಿಚಿತ್ರವೂ ಅದರಲ್ಲಿತ್ತು. 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಾಗಿ ಆ ಕಾಯಿದೆ ತೆರೆಮರೆಗೆ ಸರಿಯಿತು. ಹಿಂದೆ 5 ಮಂದಿಯನ್ನು ತಂದವನಿಗೂ ಲೈಸನ್ಸ್ ಬೇಕಿತ್ತು. ಈಗ ಗುತ್ತಿಗೆದಾರನ ಲೈಸನ್ಸಿಗೆ 50 ಮಂದಿ ಇರಬೇಕು. ಹದಿನೈದು ಇಪ್ಪತ್ತು ಕೊಯ್ತಾದ ಟೋಳಿಯಲ್ಲಿ 30ರಿಂದ 40 ಜನ. ಅರ್ಥವನ್ನು ವಾಚಕರೇ ಮಾಡಿಕೊಳ್ಳಲಿ. ಪ್ರತಿ ಕೆಲಸಗಾರನಿಗೂ ನೇಮಕ ಪತ್ರ ಕೊಡಬೇಕೆಂಬುದು ಹೊಸ ಸಂಹಿತೆಯ ಒಳ್ಳೆಯ ಅಂಶ. ಆ ಪತ್ರ ಯಾವ ಭಾಷೆಯಲ್ಲಿ ಎಂದು ಕೇಳುವ ಹೊಣೆ ನಮ್ಮದು.

ಗಡಿನಾಡಿನಲ್ಲಿ ಎರಡು ಭಾಷೆ ಬಲ್ಲವನೇ ಏಜೆಂಟನಾಗುವುದು. ಆಳಿನ ಮಾತೂ ಧಣಿಯ ಮಾತೂ ಅವನೊಬ್ಬನಿಗೇ ಗೊತ್ತು. ಅದನ್ನು ಅವನು ಬಂಡವಾಳ ಮಾಡಿಕೊಂಡು ಸಾಲ ಕೊಡುತ್ತ ಬಂದ. ಇನ್ನು ಮುಂದೆ ಈ ಕಸುಬು ಮರ್ಯಾದೆಯಿಂದ ಬದುಕಬೇಕಾದರೆ ಸಾಲವನ್ನು ಬಿಟ್ಟು ಭಾಷೆಯನ್ನೇ ಮಾರಬೇಕು: ಕರಾರನ್ನು ಆಳಿನ ಭಾಷೆಯಲ್ಲಿ ಬರೆದುಕೊಡುವುದು, ಬ್ಯಾಂಕಿನ ಖಾತೆಗೇ ಕೂಲಿ ಹಾಕಿಸುವುದು, ಮಕ್ಕಳನ್ನು ಹಂಗಾಮಿನ ಶಾಲೆಗೆ ಸೇರಿಸುವುದು, ಇದಕ್ಕೆಲ್ಲ ಮಾಲೀಕನಿಂದಲೇ ಶುಲ್ಕ ಪಡೆಯುವುದು. ಕೆಲಸಗಾರನಿಂದ ಏಜೆನ್ಸಿ ಶುಲ್ಕ ವಸೂಲು ಮಾಡಕೂಡದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1997ರ ಒಡಂಬಡಿಕೆಯೂ ಹೇಳುತ್ತದೆ. ನಮ್ಮಲ್ಲಿ ವಿದೇಶಕ್ಕೆ ಕಳಿಸುವ ನೋಂದಾಯಿತ ಏಜೆಂಟನು 1983ರ ವಲಸೆ ಕಾಯಿದೆಯ ನಿಯಮಗಳಂತೆ 30,000 ರೂಪಾಯಿ ಮತ್ತು ಅದರ ತೆರಿಗೆಗಿಂತ ಹೆಚ್ಚು ಪಡೆಯುವಂತಿಲ್ಲ. ಈ ಮಿತಿ ಎಷ್ಟು ಮನೆಗಳಿಗೆ ಗೊತ್ತು? ಆ ಕಾಯಿದೆಯ ಜಾಗಕ್ಕೆ ಹೊಸದರ ಕರಡೂ 2025ರಲ್ಲಿ ಪ್ರಕಟವಾಗಿದೆ. ಕೇರಳ ಸರಕಾರದ ಒಡೆಪೆಕ್ 1977ರಿಂದಲೂ ಇದೇ ಕೆಲಸಕ್ಕಿದೆ.

ಅಕ್ಕಲಕೋಟೆಯ ಕನ್ನಡ ಶಾಲೆಯಲ್ಲಿ ಓದಿ ಮರಾಠಿಯಲ್ಲಿ ವ್ಯವಹರಿಸುವ ಹುಡುಗನಿಗೂ, ಕುಂಬಳೆ, ಮಂಜೇಶ್ವರಗಳಲ್ಲಿ ಕನ್ನಡ, ತುಳು, ಮಲಯಾಳ ಮೂರನ್ನೂ ನೀರು ಕುಡಿದಂತೆ ಆಡುವ ನಮ್ಮ ಹುಡುಗಿಗೂ ಇಂಥ ಕಚೇರಿ ನಡೆಸುವ ಯೋಗ್ಯತೆ ಇದೆ. ಪಿ.ಎಸ್.ಸಿ. ಪಟ್ಟಿಯಲ್ಲಿ ಹೆಸರು ಹುಡುಕುತ್ತ ವಯಸ್ಸು ಕಳೆಯುವವರು ಇದನ್ನೂ ಯೋಚಿಸಬಹುದು. ಅಕ್ಕಲಕೋಟೆಯ ಕಡೆ ಮುಂದಿನ ಹಂಗಾಮಿನ ಉಚಲ ಹಂಚಿಕೆ ಮಳೆಗಾಲದಲ್ಲೇ ಆರಂಭವಾಗುತ್ತದೆ. ಸಾಲದ ಡೈರಿಯ ಒಂದು ಪ್ರತಿಯನ್ನು ಕನ್ನಡದಲ್ಲಿ ಬರೆದು ಸಹಿ ಮಾಡಿ ಆಳಿನ ಕೈಗೆ ಕೊಡಬೇಕೆಂದು ಅಲ್ಲಿನ ಗ್ರಾಮ ಪಂಚಾಯತಿಗಳು ಅಷ್ಟರೊಳಗೆ ಒಂದು ಠರಾವು ಮಾಡಲಿ. ಅದಕ್ಕೆ ಯಾವ ಆಯೋಗದ ವರದಿಯೂ ಬೇಕಾಗಿಲ್ಲ.