ಮಾಸುವ ಆಕಾಶ, ಮಾಸದ ಗೆರೆ

ಪ್ಯಾರಿಸ್‌ನ ನೋತ್ರ್ ದಾಮ್ ಚರ್ಚಿನ ಚೂಪು ಶಿಖರ 2019ರ ಏಪ್ರಿಲ್‌ನಲ್ಲಿ ಹೊತ್ತಿ ಉರಿದು ಕುಸಿದಾಗ, ಅದೂ ಚರ್ಚಿನಷ್ಟೇ ಹಳೆಯದೆಂದು ಭಾವಿಸಿ ಮರುಗಿದವರುಂಟು. ಆದರೆ ಥಾಮಸ್ ಶಾಟರ್ ಬಾಯ್ಸ್ ಎಂಬ ಇಂಗ್ಲಿಷ್ ಕಲಾವಿದ 1839ರಲ್ಲಿ ಅಚ್ಚು ಹಾಕಿಸಿದ ನೋತ್ರ್ ದಾಮ್ ಚಿತ್ರದಲ್ಲಿ ಆ ಶಿಖರವೇ ಇಲ್ಲ. ಮಧ್ಯಯುಗದ ಶಿಖರ ಶಿಥಿಲವಾಯಿತೆಂದು ಅದನ್ನು 18ನೇ ಶತಮಾನದ ಕೊನೆಯಲ್ಲೇ ಇಳಿಸಿದ್ದರು. ನಾವು ಟಿವಿಯಲ್ಲಿ ಬೀಳುವುದನ್ನು ಕಂಡದ್ದು ವಾಸ್ತುಶಿಲ್ಪಿ ವಿಯೊಲೆ-ಲ-ಡುಕ್ 1859ರಲ್ಲಿ ಏರಿಸಿದ್ದನ್ನು. ನಡುವಿನ ದಶಕಗಳ ಬೋಳು ಚಾವಣಿಗೆ ಇಂಥ ಚಿತ್ರಗಳು ಸಾಕ್ಷಿ ಹೇಳುತ್ತವೆ.

19ನೇ ಶತಮಾನದ ಯುರೋಪಿನ ನಗರಗಳ ವಿಷಯದಲ್ಲಿ ಈ ಸಾಕ್ಷಿಗೆ ಬೆಲೆ ಹೆಚ್ಚು. 1853ರಿಂದ 1870ರವರೆಗೆ ಓಸ್ಮಾನ್ ಎಂಬ ಅಧಿಕಾರಿ ಪ್ಯಾರಿಸ್‌ನ ಇಕ್ಕಟ್ಟು ಓಣಿಗಳನ್ನು ಕೆಡವಿಸಿ ಅಗಲ ರಸ್ತೆಗಳನ್ನು ಹಾಯಿಸಿದ. ವಿಯೆನ್ನಾ ತನ್ನ ಕೋಟೆಗೋಡೆಯನ್ನು 1858ರಿಂದ ಕೆಡವತೊಡಗಿತು. ಪ್ಯಾರಿಸ್‌ನ ತ್ವೀಲರಿ ಅರಮನೆ 1871ರ ದಂಗೆಯಲ್ಲಿ ಸುಟ್ಟುಹೋಯಿತು. ಕಣ್ಮರೆಯಾದ ಊರುಗಳು ಹೇಗಿದ್ದವು ಎಂದು ತಿಳಿಯಲು ಇತಿಹಾಸಕಾರರು ಜಲವರ್ಣ ಚಿತ್ರಗಳನ್ನೂ ಕಲ್ಲಚ್ಚಿನ ಚಿತ್ರಗಳನ್ನೂ ತೆರೆಯುತ್ತಾರೆ. ಯಾವ ಸಾಕ್ಷಿಯನ್ನೂ ಪಾಟೀಸವಾಲಿಲ್ಲದೆ ಒಪ್ಪುವಂತಿಲ್ಲ. ಇಲ್ಲಿ ಆ ಕೆಲಸ ರಸಾಯನಶಾಸ್ತ್ರದ ಪಾಲಿಗೆ ಬರುತ್ತದೆ.

ಕಲ್ಲಿನ ಮೇಲೆ ಸಾಬೂನು

ಕಲ್ಲಚ್ಚನ್ನು, ಅಂದರೆ ಲಿಥೊಗ್ರಫಿಯನ್ನು, ಕಂಡುಹಿಡಿದವನು ಮ್ಯೂನಿಕ್‌ನ ಅಲೋಯ್ಸ್ ಸೆನೆಫೆಲ್ಡರ್. ವೃತ್ತಿಯಿಂದ ನಾಟಕಕಾರ, ತನ್ನ ನಾಟಕಗಳನ್ನು ಅಗ್ಗದಲ್ಲಿ ಅಚ್ಚು ಹಾಕುವ ದಾರಿ ಹುಡುಕುತ್ತಿದ್ದ. 1796ರಲ್ಲಿ ಶುರುವಾದ ಅವನ ಪ್ರಯೋಗಗಳು 1798ರ ಹೊತ್ತಿಗೆ ಹೊಸದೊಂದು ಮುದ್ರಣ ವಿಧಾನಕ್ಕೆ ಬಂದು ನಿಂತವು. ಅದುವರೆಗೆ ಅಚ್ಚು ಎಂದರೆ ಮರದಲ್ಲಿ ಉಬ್ಬು ಕೆತ್ತಬೇಕು, ಇಲ್ಲವೆ ತಾಮ್ರದಲ್ಲಿ ತಗ್ಗು ಕೊರೆಯಬೇಕು. ಸೆನೆಫೆಲ್ಡರನ ಕಲ್ಲಿನಲ್ಲಿ ಉಬ್ಬೂ ಇಲ್ಲ, ತಗ್ಗೂ ಇಲ್ಲ. ಜಿಡ್ಡಿಗೂ ನೀರಿಗೂ ಇರುವ ಹಗೆತನವೊಂದೇ ಅದರ ಬಂಡವಾಳ.

ಕಲ್ಲು ಬವೇರಿಯಾದ ಸೋಲ್ನ್‌ಹೋಫೆನ್ ಗಣಿಗಳದ್ದು. ಸುಮಾರು 15 ಕೋಟಿ ವರ್ಷಗಳ ಹಿಂದೆ ಅಲುಗಾಡದ ಹಿನ್ನೀರಿನಲ್ಲಿ ಸುಣ್ಣದ ನುಣ್ಣನೆ ಕೆಸರು ಪದರ ಪದರವಾಗಿ ಕೂತು ಆದ ಕಲ್ಲು ಇದು. ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಅದೇ ನುಣುಪು ಗರಿಗಳ ಗುರುತನ್ನೂ ಉಳಿಸಿಕೊಂಡಿತ್ತು. ಗರಿಯುಳ್ಳ ಪುರಾತನ ಜೀವಿಯ ಪಳೆಯುಳಿಕೆ ಅಲ್ಲಿ ಸಿಕ್ಕಾಗ ವಿಜ್ಞಾನಿ ಹರ್ಮನ್ ಫಾನ್ ಮೇಯರ್ 1861ರಲ್ಲಿ ಅದಕ್ಕೆ ಆರ್ಕಿಯೊಪ್ಟೆರಿಕ್ಸ್ ಲಿಥೊಗ್ರಾಫಿಕಾ ಎಂದು ಹೆಸರಿಟ್ಟ. ಅಚ್ಚಿನ ಕಲ್ಲಿನ ನೆನಪು ಹೀಗೆ ಜೀವವಿಜ್ಞಾನಕ್ಕೂ ದಾಟಿತು.

ಕಲಾವಿದ ಈ ಕಲ್ಲಿನ ಮೇಲೆ ಮೇಣ, ಕೊಬ್ಬು, ಸಾಬೂನು, ಅರಗು, ಕಾಡಿಗೆ ಬೆರೆಸಿದ ಕಡ್ಡಿಯಿಂದ ಬರೆಯುತ್ತಾನೆ. ಕೊಬ್ಬಿನಾಮ್ಲಗಳು ಕಲ್ಲಿನ ಕ್ಯಾಲ್ಸಿಯಂ ಜೊತೆ ಕೂಡಿ ನೀರಿನಲ್ಲಿ ಕರಗದ ಕ್ಯಾಲ್ಸಿಯಂ ಸಾಬೂನಾಗಿ ಕಲ್ಲಿಗೇ ಕಚ್ಚಿಕೊಳ್ಳುತ್ತವೆ. ಕೊಳವೆಬಾವಿಯ ಗಡಸು ನೀರಿನಲ್ಲಿ ಸೋಪು ಹಾಕಿದಾಗ ನೊರೆ ಬಾರದೆ ಬಕೆಟ್ಟಿನ ಒಳಮೈಗೆ ಬೂದು ಜಿಡ್ಡು ಕಟ್ಟುತ್ತದಲ್ಲ, ಅದೇ ವಸ್ತು ಇದು. ಆಮೇಲೆ ತುಸು ನೈಟ್ರಿಕ್ ಆಮ್ಲ ಬೆರೆಸಿದ ಅರಬ್ಬಿ ಗೋಂದನ್ನು ಕಲ್ಲಿನ ಮೇಲೆಲ್ಲ ಸವರುತ್ತಾರೆ. ಬರೆಯದೆ ಬಿಟ್ಟ ಜಾಗಗಳಲ್ಲಿ ಗೋಂದಿನ ತೆಳುಪದರ ಅಂಟಿ, ಅಲ್ಲಿ ನೀರು ನಿಲ್ಲುವಂತಾಗುತ್ತದೆ. ಕಲ್ಲನ್ನು ಒದ್ದೆ ಮಾಡಿ ಎಣ್ಣೆಮಸಿಯ ಉರುಳೆ ಹಾಯಿಸಿದರೆ ಜಿಡ್ಡಿರುವಲ್ಲಿ ಮಸಿ ಹತ್ತುತ್ತದೆ, ನೀರಿರುವಲ್ಲಿ ಹತ್ತುವುದಿಲ್ಲ. ಕಾಗದ ಹೊದಿಸಿ ಒತ್ತಿದರೆ ಚಿತ್ರ ಸಿದ್ಧ. ಕೆಲಸ ಮುಗಿದ ಕಲ್ಲನ್ನು ಮರಳು, ನೀರು ಹಾಕಿ ಉಜ್ಜಿದರೆ ಮತ್ತೊಂದು ಚಿತ್ರಕ್ಕೆ ಅಣಿ.

ಅಚ್ಚುಮೊಳೆ ಎರಕ ಹೊಯ್ಯುವ ಗೋಜಿಲ್ಲದ ಈ ವಿದ್ಯೆ ನಮ್ಮಲ್ಲಿಗೂ ಬಂತು. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರಲ್ಲಿ ಹೊರಡಿಸಿದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಅಚ್ಚಾದದ್ದು ಕಲ್ಲಿನ ಮೇಲೆಯೇ.

ಬೂದು ಬಣ್ಣ ಎಲ್ಲಿಂದ ಬಂತು?

ಹಳೆಯ ಚರ್ಚಿನ ಗೋಡೆಯ ಮಬ್ಬು ನೆರಳನ್ನು ಕಲ್ಲಚ್ಚು ಸೊಗಸಾಗಿ ತೋರಿಸುತ್ತದೆ. ಆದರೆ ಭೂತಗನ್ನಡಿ ಹಿಡಿದು ನೋಡಿದರೆ ಅಲ್ಲಿ ಬೂದು ಬಣ್ಣವೇ ಇರುವುದಿಲ್ಲ. ಬರೆಯುವ ಮೊದಲು ಕಲ್ಲಿನ ಮೈಯನ್ನು ಮರಳಿನಿಂದ ತುಸು ತರಿ ಮಾಡಿರುತ್ತಾರೆ. ಕಡ್ಡಿ ಹಗುರವಾಗಿ ಹಾಯ್ದರೆ ತರಿಯ ತುದಿಗಳಿಗಷ್ಟೇ ಜಿಡ್ಡು ತಾಗುತ್ತದೆ, ಒತ್ತಿದರೆ ತಗ್ಗಿಗೂ ಇಳಿಯುತ್ತದೆ. ಕಾಗದದ ಮೇಲೆ ಬೀಳುವುದು ಸಣ್ಣ ದೊಡ್ಡ ಕರಿಚುಕ್ಕೆಗಳು. ಬೂದು ಬಣ್ಣ ನಮ್ಮ ಕಣ್ಣಿನ ಲೆಕ್ಕಾಚಾರ.

ಬಣ್ಣ ಬೇಕಾದರೆ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಗೊದ್ಫ್ರುವಾ ಎಂಗೆಲ್ಮನ್ 1837ರಲ್ಲಿ ಫ್ರಾನ್ಸ್‌ನಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಪಾರದರ್ಶಕ ಹಳದಿಯ ಮೇಲೆ ನೀಲಿ ಬಿದ್ದರೆ ಹಸಿರು. ಪ್ರತಿ ಸಲವೂ ಕಾಗದ ಅದೇ ಜಾಗಕ್ಕೆ ಕೂರಬೇಕು. ತೇವಕ್ಕೆ ಕಾಗದ ಹಿಗ್ಗಿದರೂ ಕಿಟಕಿಯ ಬಣ್ಣ ಗೋಡೆಗೆ ಸರಿಯುತ್ತದೆ. ಪ್ಯಾರಿಸ್, ಗೆಂಟ್, ಆಂಟ್ವರ್ಪ್, ರುವಾಂ ನಗರಗಳ ಕಟ್ಟಡಗಳನ್ನು ಬಾಯ್ಸ್ ತನ್ನ 1839ರ ಸಂಪುಟದಲ್ಲಿ ಹೀಗೆಯೇ ಮೂಡಿಸಿದ. ಕುಂಚದಿಂದ ಮೇಲೆ ಬಣ್ಣ ಹಚ್ಚದೆ, ಎಲ್ಲವನ್ನೂ ಕಲ್ಲಿನಿಂದಲೇ ತೆಗೆದದ್ದು ಅವನ ಮತ್ತು ಲಂಡನ್ನಿನ ಮುದ್ರಕ ಚಾರ್ಲ್ಸ್ ಹಲ್ಮಂಡೆಲ್‌ನ ಹೆಮ್ಮೆಯಾಗಿತ್ತು.

ಈ ಸಾಕ್ಷಿ ದಾರಿ ತಪ್ಪಿಸಬಹುದಾದ ಒಂದು ವಿಷಯ ಎಡಬಲ. ಕಲ್ಲಿನ ಮೇಲೆ ಇದ್ದದ್ದು ಕಾಗದದ ಮೇಲೆ ತಿರುವುಮುರುವಾಗುತ್ತದೆ. ಅದಕ್ಕಾಗಿ ಕಲಾವಿದರು ಕಲ್ಲಿನ ಮೇಲೆಯೇ ಉಲ್ಟಾ ಬರೆಯುತ್ತಿದ್ದರು. ಬರೆದರೋ ಇಲ್ಲವೋ ಎಂದು ಸೂರ್ಯನನ್ನೇ ಕೇಳಬಹುದು. ಪ್ಯಾರಿಸ್ ಇರುವುದು ಸುಮಾರು 49 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಲ್ಲಿ ಸೂರ್ಯ ಎಂದೂ ನೆತ್ತಿಗೆ ಬರುವುದಿಲ್ಲ; ನಡುಹಗಲಿನಲ್ಲಿ ಸದಾ ದಕ್ಷಿಣಕ್ಕೇ ಇರುತ್ತಾನೆ. ಮಧ್ಯಯುಗದ ಚರ್ಚುಗಳ ಮುಂಬಾಗಿಲು ಸಾಮಾನ್ಯವಾಗಿ ಪಶ್ಚಿಮಕ್ಕೆ. ಬಾಗಿಲಿಗೆ ಎದುರಾಗಿ ನಿಂತವನಿಗೆ ದಕ್ಷಿಣದ ಗೋಡೆ ಬಲಗಡೆ. ಚಿತ್ರದಲ್ಲಿ ನಡುಹಗಲಿನ ಬಿಸಿಲು ಎಡಗೋಡೆಗೆ ಬಿದ್ದಿದ್ದರೆ ಒಂದೋ ಚಿತ್ರ ತಿರುಗಿದೆ, ಇಲ್ಲವೇ ಆ ಬಿಸಿಲು ಕಲಾವಿದನ ಕಲ್ಪನೆ.

ಅದೇ ಗೋಂದು, ಬೇರೆ ಕೆಲಸ

ಕಲ್ಲಿನ ಮೇಲೆ ಮಸಿಯನ್ನು ದೂರವಿಟ್ಟ ಅರಬ್ಬಿ ಗೋಂದು ಜಲವರ್ಣದಲ್ಲಿ ಬಣ್ಣವನ್ನು ಕಾಗದಕ್ಕೆ ಹಿಡಿದಿಡುತ್ತದೆ. ಆಫ್ರಿಕಾದ ಜಾಲಿ ಜಾತಿಯ ಮರಗಳ ಈ ಅಂಟಿನಲ್ಲಿ ಬಣ್ಣದ ಪುಡಿ ಅರೆದು, ನೀರಿನಲ್ಲಿ ತೆಳುವಾಗಿಸಿ ಕಾಗದದ ಮೇಲೆ ಹರಡುತ್ತಾರೆ. ಬೆಳಕು ಆ ಪದರವನ್ನು ದಾಟಿ ಬಿಳಿ ಕಾಗದಕ್ಕೆ ಬಡಿದು ಮತ್ತೆ ಪದರದ ಮೂಲಕವೇ ಹಿಂದಿರುಗುತ್ತದೆ. ಜಲವರ್ಣದ ಹೊಳಪಿನ ಗುಟ್ಟು ಇದು, ದೌರ್ಬಲ್ಯವೂ ಇದೇ. ತೈಲವರ್ಣದ ದಪ್ಪ ಪದರದಲ್ಲಿ ಮೇಲಿನ ಕಣಗಳು ಕೆಳಗಿನವಕ್ಕೆ ನೆರಳಾಗುತ್ತವೆ. ಇಲ್ಲಿ ಪ್ರತಿ ಕಣವೂ ಬೆಳಕಿಗೂ ಗಾಳಿಗೂ ಬಯಲಾಗಿರುತ್ತದೆ.

ಆಕಾಶವೇ ಇದಕ್ಕೆ ಒಳ್ಳೆಯ ಉದಾಹರಣೆ. ಮೋಡದ ಬೂದು ಬಣ್ಣಕ್ಕೆ ಇಂಗ್ಲಿಷ್ ಕಲಾವಿದರು ನೀಲಿಗಿಡದ ಇಂಡಿಗೊಗೆ ಕಬ್ಬಿಣದ ಆಕ್ಸೈಡಿನ ಕೆಂಪು ಬೆರೆಸುತ್ತಿದ್ದರು. ಆ ಕಾಲದ ಯುರೋಪಿಗೆ ಇಂಡಿಗೊ ದಂಡಿಯಾಗಿ ಹೋಗುತ್ತಿದ್ದದ್ದು ಬಂಗಾಳದಿಂದ. ಬೆಳಕಿನಲ್ಲಿ ಆಮ್ಲಜನಕ ಇಂಡಿಗೊದ ಅಣುವನ್ನು ಮುರಿಯುತ್ತದೆ, ನೀಲಿ ಹೋಗುತ್ತದೆ. ಕಬ್ಬಿಣದ ಕೆಂಪು ಮಾತ್ರ ಜಗ್ಗುವುದಿಲ್ಲ. ಬೂದು ಮೋಡ ಗುಲಾಬಿಯಾಗುತ್ತದೆ, ಮಧ್ಯಾಹ್ನದ ಚಿತ್ರ ಸಂಜೆಯದರಂತೆ ಕಾಣುತ್ತದೆ.

ಈ ಬಗ್ಗೆ ಇಂಗ್ಲೆಂಡಿನಲ್ಲಿ ದೊಡ್ಡ ವಾಗ್ವಾದವೇ ನಡೆಯಿತು. ರಸಾಯನಜ್ಞ ವಿಲಿಯಂ ರಸೆಲ್ ಮತ್ತು ವಿಲಿಯಂ ಅಬ್ನಿ ಜಲವರ್ಣದ ಪಟ್ಟಿಗಳನ್ನು ಗಾಜಿನ ಕೊಳವೆಗಳಲ್ಲಿಟ್ಟು ಬಿಸಿಲಿಗೆ ಒಡ್ಡಿ 1888ರಲ್ಲಿ ವರದಿ ಕೊಟ್ಟರು. ಬೆಳಕೊಂದೇ ಅಪರಾಧಿಯಲ್ಲ, ತೇವವೂ ಆಮ್ಲಜನಕವೂ ಅದರ ಜೊತೆಗಾರರು ಎಂಬುದು ಅದರ ಸಾರ. ಗಾಳಿ ತೆಗೆದ ಕೊಳವೆಯಲ್ಲಿ ಹೆಚ್ಚಿನ ಬಣ್ಣಗಳು ಉಳಿದುಕೊಂಡಿದ್ದವು.

ಹೊಗೆಯ ಪಾಲೂ ಇದೆ. ಸೀಸದ ಬಿಳಿ ಬಣ್ಣ ಗಾಳಿಯಲ್ಲಿನ ಹೈಡ್ರೋಜನ್ ಸಲ್ಫೈಡ್‌ಗೆ ಸಿಕ್ಕರೆ ಕಪ್ಪು ಸೀಸದ ಸಲ್ಫೈಡ್ ಆಗುತ್ತದೆ. ಹೊಳೆಯಬೇಕಾದ ಅಮೃತಶಿಲೆ ಕಪ್ಪಿಡುತ್ತದೆ. ಇದಕ್ಕೆ ಪರಿಹಾರವಾಗಿ ವಿನ್ಸರ್ ಆ್ಯಂಡ್ ನ್ಯೂಟನ್ ಕಂಪನಿ 1834ರಲ್ಲಿ ಸತುವಿನ ಬಿಳಿಯನ್ನು ತಂದಿತು.

ಯಾರನ್ನು ನಂಬುವುದು?

ವಸ್ತುಸಂಗ್ರಹಾಲಯಗಳು ಜಲವರ್ಣಗಳಿಗೆ 50 ಲಕ್ಸ್‌ನಷ್ಟು ಮಂದ ಬೆಳಕನ್ನಷ್ಟೇ ಬಿಡುತ್ತವೆ. ಬಯಲಿನ ಬಿರುಬಿಸಿಲು ಸುಮಾರು 1,00,000 ಲಕ್ಸ್. ಹಾನಿ ಒಟ್ಟು ಬೆಳಕಿನ ಮೊತ್ತಕ್ಕೆ ತಕ್ಕಂತೆ ಎಂದುಕೊಂಡರೆ, ಬಿಸಿಲಿನ ಒಂದೇ ಗಂಟೆ ಆ ಮಂದ ಬೆಳಕಿನ 2,000 ಗಂಟೆಗಳಿಗೆ ಸಮ; ದಿನಕ್ಕೆ 8 ಗಂಟೆಯಂತೆ 250 ದಿನಗಳ ಪ್ರದರ್ಶನ. ಹಾಗಾಗಿ ಬಣ್ಣದ ಮಾತಿಗೆ ಕತ್ತಲಲ್ಲಿದ್ದ ಹಾಳೆಗಳೇ ಮೇಲು. ಆಸ್ಟ್ರಿಯಾದ ಯುವರಾಜ ಫರ್ಡಿನಾಂಡ್ 1830ರಿಂದ ಯಾಕೋಬ್ ಆಲ್ಟ್ ಮತ್ತು ಅವನ ಮಗ ರುಡೋಲ್ಫ್ ಫಾನ್ ಆಲ್ಟ್ ಕೈಯಲ್ಲಿ ಬರೆಸಿದ ಊರು-ಕೇರಿಗಳ ಜಲವರ್ಣಗಳು ಗೋಡೆಗೆ ತೂಗಲು ಬರೆದವಲ್ಲ. ಪೆಟ್ಟಿಗೆಯ ಕಿಂಡಿಯಿಂದ ಇಣುಕಿ ನೋಡಲೆಂದು ಮಾಡಿದ ಅವು ಈಗ ವಿಯೆನ್ನಾದ ಅಲ್ಬರ್ಟೀನಾ ಸಂಗ್ರಹಾಲಯದಲ್ಲಿವೆ.

ಗೆರೆಯ ಮಾತಿಗೆ ಕಲ್ಲಚ್ಚು ಮೇಲು. ಅದರ ಕಪ್ಪು ಮಸಿ ಇಂಗಾಲ. ಬೆಳಕು ಅದನ್ನು ಅಲುಗಿಸದು. ಆದರೆ ಎಷ್ಟೋ ಕಲ್ಲಚ್ಚುಗಳಿಗೆ ಆಮೇಲೆ ಕೈಯಿಂದ ಬಣ್ಣ ಬಳಿದದ್ದುಂಟು. ಆ ಬಣ್ಣವನ್ನು ಕಲಾವಿದನ ಹೇಳಿಕೆಯೆಂದು ಎಣಿಸಬಾರದು. ಭೂತಗನ್ನಡಿಯಲ್ಲಿ ಬಣ್ಣಕ್ಕೂ ಕಲ್ಲಿನ ತರಿ ಕಂಡರೆ ಅದು ಅಚ್ಚಿನದು, ಕುಂಚದ ಒಣಗಿದ ಅಂಚು ಕಂಡರೆ ಬಳಿದದ್ದು. ಜಲವರ್ಣವಾದರೆ ಚೌಕಟ್ಟಿನ ರಟ್ಟು ಮುಚ್ಚಿದ್ದ ಅಂಚನ್ನು ನೋಡಬೇಕು. ಅಲ್ಲಿ ಬೂದು, ನಡುವೆ ಗುಲಾಬಿ ಇದ್ದರೆ ಆ ಊರಿನ ಮೇಲೆ ಅಂದು ಕವಿದಿದ್ದದ್ದು ಮಳೆಮೋಡ. ಸಂಜೆಗೆಂಪನ್ನು ಬಳಿದದ್ದು ಆಮೇಲಿನ ವರ್ಷಗಳ ಬೆಳಕು.