ರಾಗಿ ತೆನೆಯ ರುಚಿ ಕಂಡ ಸಲಗ

ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡಿನ ಸೀಮೆಯಲ್ಲಿ ರಾಗಿ ತೆನೆ ಕಟ್ಟಿತೆಂದರೆ ಕಾಡಂಚಿನ ಹೊಲಗಳಲ್ಲಿ ಅಟ್ಟಣೆಗಳೂ ಏಳುತ್ತವೆ. ಮೈಮೇಲೆ ಕಂಬಳಿ, ಕೈಯಲ್ಲಿ ಟಾರ್ಚು, ಪಕ್ಕದಲ್ಲಿ ಪಟಾಕಿ. ‘ಕಾಡಲ್ಲಿ ಮೇವಿಲ್ಲ, ಅದಕ್ಕೇ ಆನೆ ಬತ್ತವೆ’ ಎನ್ನುವುದು ಎಲ್ಲರ ಬಾಯಲ್ಲಿರುವ ಮಾತು. ಅದು ಅರ್ಧ ನಿಜ. ಲಂಟಾನ ಹಬ್ಬಿ ಮೇವು ಕಡಿಮೆಯಾಗಿರುವುದು ಹೌದು. ಆದರೆ ಮಳೆ ಮುಗಿದ ಆ ಹೊತ್ತಿನಲ್ಲಿ ಬಂಡೀಪುರದ ಬಯಲುಗಳಲ್ಲಿ ಹುಲ್ಲು ಆಳೆತ್ತರ ನಿಂತಿರುತ್ತದೆ.

ಗುಟ್ಟಿರುವುದು ಆ ಎತ್ತರದಲ್ಲೇ. ಹುಲ್ಲು ಬಲಿತಷ್ಟೂ ನಾರು ಹೆಚ್ಚಿ ಪ್ರೋಟೀನ್ ಇಳಿಯುತ್ತದೆ. ಆನೆಯೋ ದನದಂತೆ ಮೆಲುಕು ಹಾಕುವುದಿಲ್ಲ, ತಿಂದದ್ದರಲ್ಲಿ ಅರ್ಧವೂ ಅದಕ್ಕೆ ದಕ್ಕುವುದಿಲ್ಲ. ಲದ್ದಿಯೊಂದನ್ನು ಕೋಲಿನಿಂದ ಒಡೆದು ನೋಡಿ: ಹುಲ್ಲಿನ ಎಳೆಗಳು ಹಾಗೇ ಇರುತ್ತವೆ.

1980ರ ದಶಕದ ಆರಂಭದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಚಾಮರಾಜನಗರ–ಸತ್ಯಮಂಗಲ ಕಡೆಯ ಕಾಡುಗಳಲ್ಲಿ ಆನೆಗಳ ಬೆನ್ನುಹತ್ತಿ ಲೆಕ್ಕ ಹಾಕಿದರು. ಕಾಡುಹುಲ್ಲಿಗಿಂತ ರಾಗಿಯಲ್ಲಿ ಪ್ರೋಟೀನ್, ಕ್ಯಾಲ್ಸಿಯಂ, ಸೋಡಿಯಂ ಹೆಚ್ಚು. ಹೊಲಕ್ಕೆ ನುಗ್ಗುವುದರಲ್ಲಿ ಮರಿ ಕಟ್ಟಿಕೊಂಡ ಹೆಣ್ಣಾನೆಗಳಿಗಿಂತ ಸಲಗಗಳೇ ಬಹಳ ಮುಂದು. ಮೈ ಬೆಳೆದ ಸಲಗಕ್ಕೆ ಹೆಣ್ಣು ಒಲಿಯುವ ಅವಕಾಶ ಜಾಸ್ತಿ. ಹಾಗಾಗಿ ಪಟಾಕಿಯ ಭಯಕ್ಕಿಂತ ತೆನೆಯ ಲಾಭ ಅದಕ್ಕೆ ದೊಡ್ಡದು. ಮರಿಯ ತಾಯಿಯ ಲೆಕ್ಕಾಚಾರವೇ ಬೇರೆ.

ಗೋಪಾಲಸ್ವಾಮಿ ಬೆಟ್ಟದ ದೇವರ ಹೆಸರಿನಲ್ಲಿ ಮೈಸೂರು ಮಹಾರಾಜರು 1931ರಲ್ಲಿ ವೇಣುಗೋಪಾಲ ವನ್ಯಧಾಮ ಮಾಡಿದಾಗ ಅದರ ವಿಸ್ತಾರ ಸುಮಾರು 90 ಚದರ ಕಿ.ಮೀ. ಅದೇ ಮುಂದೆ ಬಂಡೀಪುರವಾಗಿ ಬೆಳೆದು, 1973ರಲ್ಲಿ ಹುಲಿ ಯೋಜನೆಯ ಮೊದಲ ಒಂಬತ್ತು ಕಾಡುಗಳಲ್ಲಿ ಒಂದಾಯಿತು. ಹೆಸರು ಹುಲಿಯದು, ಹೊಲದವರ ನಿದ್ದೆ ಕೆಡಿಸುವುದು ಹೆಚ್ಚಾಗಿ ಆನೆ!

ಕೀನ್ಯಾದ ಅಂಬೊಸೆಲಿ ರಾಷ್ಟ್ರೀಯ ಉದ್ಯಾನದ ಸುತ್ತಲಿನ ರೈತರದ್ದೂ ಇದೇ ಗೋಳು. ಅಲ್ಲಿನ ಸಂಶೋಧಕರು ಇನ್ನೊಂದು ಎಳೆ ಹಿಡಿದಿದ್ದಾರೆ: ಬೆಳೆಯ ರುಚಿ ಕಂಡ ಹಿರಿಯ ಗಂಡಾನೆಗಳ ಜೊತೆ ತಿರುಗುವ ಎಳೆಯವೂ ಆ ಚಾಳಿ ಕಲಿಯುತ್ತವೆ.

ಇಲ್ಲಿ ಕಲಿಯುವುದಕ್ಕೆ ಸೋಲಾರ್ ಬೇಲಿಯೂ ಉಂಟು. ಆನೆಯ ಚರ್ಮಕ್ಕೆ ತಂತಿ ತಾಗಿದರೆ ಶಾಕ್ ಹೊಡೆಯುತ್ತದೆ, ದಂತಕ್ಕೆ ಹೊಡೆಯುವುದಿಲ್ಲ. ಅದನ್ನರಿತ ಸಲಗ ಸೊಂಡಿಲನ್ನು ಹಿಂದಕ್ಕೆ ಸುರುಳಿ ಮಾಡಿಕೊಂಡು, ದಂತದಿಂದಲೇ ತಂತಿ ಒತ್ತಿ ಹರಿಯುತ್ತದೆ. ದಂತ ಬಲಿಯದ ಎಳೆಯ ಸಲಗ ಹಿಂದೆ ನಿಂತು ನೋಡುತ್ತಿದ್ದು, ದಾರಿ ಬಿಟ್ಟ ಮೇಲೆ ಒಳಗೆ ಬರುತ್ತದೆ.