ಪ್ರೊಸೆಸರ್ ಇರಲಿ, ಆಂಪಿನ ದನಿ ಉಳಿಯಲಿ

ಚಿಂಚಲಿ ಮಾಯಕ್ಕನ ಜಾತ್ರೆ, ನಿಪ್ಪಾಣಿ-ಚಿಕ್ಕೋಡಿಯ ಗಣೇಶೋತ್ಸವ, ಅಥಣಿ-ಕಾಗವಾಡ ಕಡೆಯ ಮದುವೆ: ಗಡಿಭಾಗದ ಇಂಥ ಸಂಭ್ರಮಗಳಿಗೆ ಕರೆಂಟಿನ ತಂತಿವಾದ್ಯ ಹೊಸದಲ್ಲ. ಆರ್ಕೆಸ್ಟ್ರಾದವರು ಗಿಟಾರ್ ಹಿಡಿದರೆ, ಬೆಂಜೊ ಪಾರ್ಟಿಯವರು ಪಿಕಪ್ ಕೂರಿಸಿದ ಬೆಂಜೊ ನುಡಿಸುತ್ತಾರೆ. 1912ರಲ್ಲಿ ಜಪಾನಿನ ನಗೋಯಾದಲ್ಲಿ ಗೊರೊ ಮೊರಿತಾ ರೂಪಿಸಿದ ತೈಶೊಗೊಟೊ ಎಂಬ ವಾದ್ಯವೇ ನಮ್ಮಲ್ಲಿ ಬುಲ್‌ಬುಲ್ ತರಂಗ್ ಆಗಿ, ಜನರ ಬಾಯಲ್ಲಿ ಬೆಂಜೊ ಆಗಿ ನೆಲೆಸಿತು.

ಈ ವಾದ್ಯಗಳ ಜೊತೆಗೆ ಈಗ ಬಂದಿರುವುದು ಎಫೆಕ್ಟ್ ಪ್ರೊಸೆಸರ್. ಡಿಸ್ಟಾರ್ಷನ್, ಕೋರಸ್, ಡಿಲೇ, ರಿವರ್ಬ್ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ ಸಿಗುತ್ತವೆ. ಆದರೆ ಅದನ್ನು ಕೊಂಡ ಅನೇಕರ ದೂರು ಒಂದೇ: ಆಂಪಿಗೆ ನೇರವಾಗಿ ಜೋಡಿಸಿದಾಗ ಇದ್ದ ಗಟ್ಟಿ ದನಿ ಈಗ ಮಂಕಾಗಿದೆ. ಬಹಳ ಸಲ ಕೆಟ್ಟಿರುವುದು ಪ್ರೊಸೆಸರೂ ಅಲ್ಲ, ಆಂಪೂ ಅಲ್ಲ. ಒಂದೇ ಕೆಲಸವನ್ನು ಎರಡೂ ಮಾಡುತ್ತಿರುತ್ತವೆ.

ದನಿ ಸಾಗುವ ದಾರಿ

ಪಿಕಪ್ ಎಂದರೆ ಆಯಸ್ಕಾಂತ, ಅದರ ಸುತ್ತ ಸಾವಿರಾರು ಸುತ್ತು ತೆಳು ತಾಮ್ರದ ತಂತಿ. ಅದರ ಮೇಲಿರುವ ಉಕ್ಕಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಬದಲಾಗಿ, ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ತತ್ವವೇ ಇದು. ಈ ಸಂಕೇತ ತುಂಬ ದುರ್ಬಲ, ಒಂದು ವೋಲ್ಟಿನ ಹತ್ತನೇ ಒಂದು ಭಾಗದ ಆಸುಪಾಸು. ಆಂಪಿನ ಮೊದಲ ಭಾಗವಾದ ಪ್ರಿಆಂಪ್ ಇದನ್ನು ಹಿಗ್ಗಿಸಿ ಬಣ್ಣ ಕೊಡುತ್ತದೆ, ಪವರ್ ಆಂಪ್ ಬಲ ಕೊಡುತ್ತದೆ, ಸ್ಪೀಕರ್ ದನಿಯಾಗಿಸುತ್ತದೆ.

ಇಲ್ಲಿ ಸ್ಪೀಕರಿನ ಪಾತ್ರ ದೊಡ್ಡದು. ಮನುಷ್ಯರ ಕಿವಿ 20,000 ಹರ್ಟ್ಜ್‌ವರೆಗೂ ಕೇಳಬಲ್ಲದು. 12 ಇಂಚಿನ ಗಿಟಾರ್ ಸ್ಪೀಕರ್ ಸುಮಾರು 5,000 ಹರ್ಟ್ಜ್ ದಾಟಿದ ಮೇಲೆ ವೇಗವಾಗಿ ಕುಗ್ಗುತ್ತದೆ. ಡಿಸ್ಟಾರ್ಷನ್ನಿನ ಕರ್ಕಶ ಅಂಶಗಳನ್ನು ಅದು ಜರಡಿಯಂತೆ ಸೋಸುತ್ತದೆ. ಪ್ರೊಸೆಸರಿನಲ್ಲಿರುವ ಕ್ಯಾಬಿನೆಟ್ ಸಿಮ್ಯುಲೇಷನ್ ಇದೇ ಸೋಸುವಿಕೆಯನ್ನು ಗಣಿತದಿಂದ ಮಾಡುತ್ತದೆ. ಅದನ್ನು ಆನ್ ಇಟ್ಟು ಗಿಟಾರ್ ಆಂಪಿಗೆ ಕೊಟ್ಟರೆ ದನಿ ಎರಡು ಸಲ ಸೋಸಿಹೋಗಿ ಮುದುಡುತ್ತದೆ. ಹಾಗಾಗಿ ಮೊದಲ ನಿಯಮ: ಗಿಟಾರ್ ಆಂಪಿಗೆ ಹೋಗುವಾಗ ಕ್ಯಾಬಿನೆಟ್ ಸಿಮ್ಯುಲೇಷನ್ ಆಫ್, ಸೌಂಡ್‌ನವರ ಮಿಕ್ಸರಿಗೆ ನೇರವಾಗಿ ಹೋಗುವಾಗ ಆನ್. ಆಂಪ್ ಮಾಡೆಲ್‌ಗೂ ಇದೇ ಮಾತು. ನಿಮ್ಮ ಆಂಪಿನ ಬಣ್ಣ ನಿಮಗೆ ಇಷ್ಟವಾದರೆ, ಇನ್ನೊಂದು ಆಂಪಿನ ನಕಲನ್ನು ಅದರ ಮುಂದೆ ಇಡಬೇಡಿ.

ಯಾವುದು ಮೊದಲು, ಯಾವುದು ಆಮೇಲೆ

ಡಿಸ್ಟಾರ್ಷನ್ನಿನೊಳಗೆ 200 ಮತ್ತು 300 ಹರ್ಟ್ಜ್‌ನ ಎರಡು ಸ್ವರ ಒಟ್ಟಿಗೆ ಹೊಕ್ಕರೆ, ಅವುಗಳ ವ್ಯತ್ಯಾಸವಾದ 100, ಮೊತ್ತವಾದ 500 ಹೀಗೆ ಹೊಸ ಕಂಪನಗಳೂ ಹುಟ್ಟುತ್ತವೆ. ಡಿಲೇ, ರಿವರ್ಬ್‌ಗಳನ್ನು ಅದಕ್ಕಿಂತ ಮುಂಚೆ ಇಟ್ಟರೆ ಹಳೆಯ ಸ್ವರದ ಬಾಲವೂ ಹೊಸ ಸ್ವರವೂ ಒಂದರೊಳಗೊಂದು ಕಲಸಿ ಗೊಂದಲವಾಗುತ್ತದೆ. ಆದ್ದರಿಂದ ಕಂಪ್ರೆಸರ್, ವಾ, ಓವರ್‌ಡ್ರೈವ್ ಆಂಪಿನ ಇನ್‌ಪುಟ್‌ಗೆ ಮುಂಚೆ. ಕೋರಸ್, ಡಿಲೇ, ರಿವರ್ಬ್ ಪ್ರಿಆಂಪಿನ ನಂತರ.

ಅನೇಕ ಆಂಪುಗಳ ಹಿಂಬದಿಯಲ್ಲಿ ಸೆಂಡ್, ರಿಟರ್ನ್ ಎಂಬ ಎರಡು ತೂತುಗಳಿರುವುದು ಇದಕ್ಕಾಗಿಯೇ. ಪ್ರೊಸೆಸರಿನಲ್ಲೂ ಅವೇ ಇದ್ದರೆ ನಾಲ್ಕು ಕೇಬಲ್ ಸಾಕು: ಗಿಟಾರಿನಿಂದ ಪ್ರೊಸೆಸರಿಗೆ, ಪ್ರೊಸೆಸರಿನ ಸೆಂಡ್‌ನಿಂದ ಆಂಪಿನ ಇನ್‌ಪುಟ್‌ಗೆ, ಆಂಪಿನ ಸೆಂಡ್‌ನಿಂದ ಪ್ರೊಸೆಸರಿನ ರಿಟರ್ನ್‌ಗೆ, ಪ್ರೊಸೆಸರಿನ ಔಟ್‌ಪುಟ್‌ನಿಂದ ಆಂಪಿನ ರಿಟರ್ನ್‌ಗೆ. ಆಂಪಿನ ಪ್ರಿಆಂಪ್ ಆಗ ಸರಣಿಯ ನಡುವೆ ತನ್ನ ಜಾಗದಲ್ಲೇ ಉಳಿಯುತ್ತದೆ. ಆಂಪಿಗೆ ಈ ತೂತುಗಳೇ ಇಲ್ಲದಿದ್ದರೆ ಕ್ಲೀನ್ ಚಾನೆಲ್ ಇಟ್ಟುಕೊಳ್ಳಿ, ಡಿಸ್ಟಾರ್ಷನ್ ಪ್ರೊಸೆಸರಿನಿಂದಲೇ ಬರಲಿ.

ಮಟ್ಟ, ಕೇಬಲ್, ಕಿವಿ

ಪ್ರೊಸೆಸರ್ ಆನ್ ಮಾಡಿದಾಗಲೂ ಬೈಪಾಸ್ ಮಾಡಿದಾಗಲೂ ದನಿಯ ಮಟ್ಟ ಒಂದೇ ಇರಬೇಕು. ತುಸು ಜೋರಾದದ್ದು ಚೆನ್ನಾಗಿದೆ ಎಂದೇ ಕಿವಿಗೆ ಅನ್ನಿಸುವುದರಿಂದ, ಮಟ್ಟ ಸಮ ಮಾಡದೆ ಎಫೆಕ್ಟಿನ ಗುಣ ಅಳೆಯಲಾಗದು. ಔಟ್‌ಪುಟ್ ಅತಿಯಾದರೆ ಆಂಪಿನ ಇನ್‌ಪುಟ್‌ನಲ್ಲೇ ದನಿ ಬೇಡದ ಕಡೆ ಒಡೆಯುತ್ತದೆ. ವಾದ್ಯದ ಮಟ್ಟಕ್ಕಿಂತ ಲೈನ್ ಮಟ್ಟ ಹೆಚ್ಚು. ಪ್ರೊಸೆಸರಿನಲ್ಲಿ ಆ ಆಯ್ಕೆ ಇದ್ದರೆ ಆಂಪಿಗೆ ತಕ್ಕಂತೆ ಇಡಿ.

ಕೇಬಲ್ಲಿಗೆ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಧಾರಕತೆ ಇರುತ್ತದೆ. ಉದ್ದ ಹೆಚ್ಚಿದಂತೆ ಪಿಕಪ್ಪಿನ ಮೇಲಿನ ಸ್ವರಗಳು ಅದರಲ್ಲೇ ಸೋರಿಹೋಗುತ್ತವೆ. ಗಿಟಾರಿನಿಂದ ಪ್ರೊಸೆಸರಿಗೆ ಹೋಗುವ ಕೇಬಲ್ ಚಿಕ್ಕದಿರಲಿ, ಅದು ಗಿಟಾರಿಗೆಂದೇ ಇರುವ ಇನ್‌ಪುಟ್‌ಗೆ ಹೋಗಲಿ. ಅಂಥ ಇನ್‌ಪುಟ್ಟಿನ ಇಂಪೀಡೆನ್ಸ್ ಸುಮಾರು ಹತ್ತು ಲಕ್ಷ ಓಮ್ ಇರುವುದರಿಂದ ಪಿಕಪ್ಪಿಗೆ ಹೊರೆಯಾಗುವುದಿಲ್ಲ. ಮಿಕ್ಸರಿನ ಲೈನ್ ಇನ್‌ಪುಟ್‌ಗೆ ಗಿಟಾರನ್ನೋ ಬೆಂಜೊವನ್ನೋ ನೇರ ಜೋಡಿಸಿದಾಗ ದನಿ ಸಪ್ಪೆಯಾಗಲು ಅಲ್ಲಿನ ಕಡಿಮೆ ಇಂಪೀಡೆನ್ಸ್ ಕಾರಣ.

ಮನೆಯಲ್ಲಿ ಚೆಂದ ಕೇಳಿದ್ದು ಜಾತ್ರೆಯ ವೇದಿಕೆಯಲ್ಲಿ ಗುಡುಗಲು ಕಾರಣ ನಮ್ಮ ಕಿವಿಯಲ್ಲಿದೆ. ಕಡಿಮೆ ಸದ್ದಿನಲ್ಲಿ ಕಿವಿಗೆ ಮಂದ್ರ ಸ್ವರಗಳು ಸರಿಯಾಗಿ ಕೇಳಿಸುವುದಿಲ್ಲ ಎಂದು ಅಮೆರಿಕದ ಬೆಲ್ ಪ್ರಯೋಗಾಲಯದ ಹಾರ್ವೆ ಫ್ಲೆಚರ್ ಮತ್ತು ವೈಲ್ಡನ್ ಮನ್ಸನ್ 1933ರಲ್ಲೇ ಅಳೆದು ತೋರಿಸಿದರು. ಕೋಣೆಯಲ್ಲಿ ಕುಳಿತು ಸೇರಿಸಿದ ಬಾಸ್ ವೇದಿಕೆಯಲ್ಲಿ ಅತಿಯಾಗುವುದು ಹೀಗೆ. ಸೌಂಡ್ ಚೆಕ್‌ನಲ್ಲಿ, ನುಡಿಸುವ ಮಟ್ಟದಲ್ಲೇ ಬಾಸ್ ತಗ್ಗಿಸಿ ಹೊಂದಿಸಿ.

ಡಿಜಿಟಲ್ ಆದದ್ದರಿಂದಲೇ ದನಿ ಕೆಡುತ್ತದೆ ಎಂಬ ಮಾತನ್ನು ನಂಬಬೇಕಿಲ್ಲ. ಇಂದಿನ ಪ್ರೊಸೆಸರುಗಳ ವಿಳಂಬ ಸೆಕೆಂಡಿನ ಸಾವಿರ ಭಾಗಗಳಲ್ಲಿ ಕೆಲವಷ್ಟೆ. ಶಬ್ದ ಗಾಳಿಯಲ್ಲಿ ಒಂದು ಮೀಟರ್ ಸಾಗಲು ಆ ಸಾವಿರ ಭಾಗಗಳಲ್ಲಿ ಸುಮಾರು ಮೂರು ಬೇಕು. ಆಂಪಿನಿಂದ ಎರಡು ಹೆಜ್ಜೆ ದೂರ ನಿಂತರೂ ಅಷ್ಟೇ ತಡವಾಗುತ್ತದೆ.

ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ. ಹಲವು ಯಂತ್ರ ಕೂಡಿದಾಗ ಗುಂಯ್ ಎನ್ನುವ ಹಮ್ ಬಂದರೆ, ಅದನ್ನು ನಿಲ್ಲಿಸಲೆಂದು ಪ್ಲಗ್ಗಿನ ಅರ್ತ್ ಪಿನ್ ಮುರಿಯಬಾರದು. ಜೀವ ಕಾಯುವುದು ಆ ಪಿನ್ನೇ. ಆಂಪನ್ನೂ ಪ್ರೊಸೆಸರನ್ನೂ ಅರ್ತ್ ಸರಿ ಇರುವ ಒಂದೇ ಬೋರ್ಡಿಗೆ ಹಾಕಿದರೆ ಹಮ್ ಎಷ್ಟೋ ತಗ್ಗುತ್ತದೆ.

ಹೊಸ ಪ್ರೊಸೆಸರ್ ಕೊಂಡವರು ಕಂಪನಿ ತುಂಬಿಕೊಟ್ಟ ಪ್ಯಾಚುಗಳನ್ನು, ಅಂದರೆ ಸಿದ್ಧ ದನಿಗಳನ್ನು ಬದಿಗಿಟ್ಟು, ಮೊದಲು ವಾದ್ಯವನ್ನು ಆಂಪಿಗೆ ನೇರ ಜೋಡಿಸಿ ನುಡಿಸಿ ಒಳ್ಳೆಯ ದನಿ ಹುಡುಕಿಕೊಳ್ಳಿ. ಆಮೇಲೆ ಒಂದೊಂದೇ ಎಫೆಕ್ಟ್ ಸೇರಿಸಿ, ಪ್ರತಿ ಸಲ ಆಫ್ ಮಾಡಿ ಹೋಲಿಸಿ ನೋಡಿ. ಹಾಡಿಗೆ ಬೇಕಿಲ್ಲದ್ದನ್ನು ತೆಗೆದುಬಿಡಿ.